ನಲವತ್ತೊಂದು ನ್ಯೂನತೆಗಳ ಬೆಟ್ಟ

ನಮ್ಮ ಭಾವ ನಗರಸಭೆಯಲ್ಲಿ ಮೆಟ್ಟಿಲು ಮತ್ತು ಲಿಫ್ಟುಗಳ ತಪಾಸಣಾಧಿಕಾರಿ. ಊರಿನಲ್ಲಿ ಯಾರೇ ಎರಡು ಅಂತಸ್ತಿಗಿಂತ ಎತ್ತರ ಕಟ್ಟಿದರೂ ಆ ಮೆಟ್ಟಿಲನ್ನು ಇವರು ಹತ್ತಿ, ಇಳಿದು, ರೇಲಿಂಗು ಅಲುಗಾಡಿಸಿ ನೋಡಿ ಒಂದು ನಮೂನೆ ತುಂಬಬೇಕು. ಆ ನಮೂನೆಯಲ್ಲಿ 'ಕಂಡುಬಂದ ನ್ಯೂನತೆಗಳು' ಎಂಬ ತಲೆಬರಹದ ಕೆಳಗೆ ಹನ್ನೆರಡು ಗೆರೆಗಳಿವೆ. ಕೆಲಸಕ್ಕೆ ಸೇರಿದ ಮೊದಲ ವಾರ ಭಾವ ಒಂದು ಕಟ್ಟಡಕ್ಕೆ ಹೋಗಿ, ಎಲ್ಲ ಸರಿಯಾಗಿದ್ದದ್ದರಿಂದ ಹನ್ನೆರಡು ಗೆರೆಗಳನ್ನೂ ಖಾಲಿ ಬಿಟ್ಟು ಕೊಟ್ಟರಂತೆ. ಮೇಲಧಿಕಾರಿ ಅದನ್ನು ವಾಪಸು ಕಳಿಸಿ, ಅಂಚಿನಲ್ಲಿ ಕೆಂಪು ಶಾಯಿಯಿಂದ 'ಸ್ಥಳಕ್ಕೆ ಹೋಗಿದ್ದಿರಾ?' ಎಂದು ಕೇಳಿದರಂತೆ. ಅದಾಗಿ ಇಪ್ಪತ್ತೆರಡು ವರ್ಷ. ಭಾವ ಮತ್ತೆ ಒಂದು ಗೆರೆಯನ್ನೂ ಖಾಲಿ ಬಿಟ್ಟವರಲ್ಲ.

ಈ ಅಭ್ಯಾಸ ಕಚೇರಿಯ ಬಾಗಿಲಲ್ಲೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಭಾವನ ಜೊತೆ ಬಸ್ಸು ಹತ್ತಿ ಮನೆಗೂ ಬಂತು. ಅಕ್ಕ ಹೊಸ ಪರದೆ ಹಾಕಿದರೆ ಎಡಗಡೆ ಅರ್ಧ ಇಂಚು ಗಿಡ್ಡ ಎನ್ನುವರು. ನನ್ನ ಮದುವೆಯ ದಿನ ವೇದಿಕೆ ಹತ್ತಿ ಬಂದು, ನನ್ನ ಕೈ ಕುಲುಕಿ, ಶುಭಾಶಯದ ಬದಲು, ಬಲಗಡೆಯ ಮೂರನೇ ಹಲಗೆ ಸಡಿಲ ಇದೆ, ಹುಡುಗಿಯನ್ನು ಆ ಕಡೆ ನಿಲ್ಲಿಸಬೇಡ ಎಂದು ಕಿವಿಯಲ್ಲಿ ಉಸುರಿದರು. ಹಲಗೆ ಸಡಿಲವಾಗಿದ್ದದ್ದು ನಿಜ. ಭಾವ ಸುಳ್ಳು ಹೇಳುವವರಲ್ಲ, ಅವರ ಜೊತೆ ಬಾಳುವುದರ ಕಷ್ಟವೇ ಅದು. ನಮ್ಮ ಕಟ್ಟಡದವರೆಲ್ಲ ಅವರನ್ನು ಹಿಂದಿನಿಂದ 'ಷರಾ ಸಾಹೇಬರು' ಎನ್ನುತ್ತಾರೆ. ನಾನು ಅಕ್ಕನ ತಮ್ಮ, ಅವರ ಮನೆಯ ಮೇಲಿನ ಅಂತಸ್ತಿನಲ್ಲೇ ಇದ್ದೇನೆ, ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವ ನನಗೆ ಭಾವನ ಕಣ್ಣಿಗೆ ಏನು ಮಾಡಬೇಕೆಂದು ಇವತ್ತಿಗೂ ತೋಚಿಲ್ಲ.

ಇನ್ನು ನಮ್ಮ ಅಕ್ಕ. ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ನಿಂತು ನಿಂತು ಬಲ ಮೊಣಕಾಲು ಸವೆಸಿಕೊಂಡವಳು. ಹೋದ ವರ್ಷ ಡಾಕ್ಟರು ಅದನ್ನು ತೆಗೆದು ಹೊಸದು ಕೂರಿಸಿ, ಇನ್ನು ನಡೆಯಬೇಕು ಎಂದರು. ಅಕ್ಕ ಆ ಮಾತನ್ನು ಹಿಡಿದುಕೊಂಡಳು ನೋಡಿ, ಜಪ್ಪಯ್ಯ ಅಂದರೂ ಬಿಡಲಿಲ್ಲ. ದಿನಾ ಸಂಜೆ ನಮ್ಮ ಕಟ್ಟಡದ ಐದು ಅಂತಸ್ತನ್ನು ನಾಲ್ಕು ಸಲ ಹತ್ತಿ ಇಳಿಯತೊಡಗಿದಳು. ಮೊದಲ ತಿಂಗಳು ರೇಲಿಂಗು ಹಿಡಿದು ಅಳುತ್ತ, ಮೂರನೇ ತಿಂಗಳು ಡಾಕ್ಟರನ್ನು ಬೈಯುತ್ತ, ಹತ್ತನೇ ತಿಂಗಳಿಗೆ ಕೈಯಲ್ಲಿ ತರಕಾರಿ ಚೀಲ ಹಿಡಿದು ಲಿಫ್ಟಿಗೆ ಕಾಯುತ್ತ ನಿಂತವರನ್ನು ಅಣಕಿಸುತ್ತ. ಅವಳ ಕಣ್ಣಿದ್ದದ್ದು ಊರಾಚೆಯ ಬೆಟ್ಟದ ಮೇಲೆ. ಚಳಿಗಾಲ ಶುರುವಾಗಿ ಹಿಮ ದಪ್ಪಗೆ ಬೀಳುವ ಮೊದಲು ಎರಡು ಮೂರು ವಾರ ಗಾಳಿ ತಿಳಿಯಾಗಿರುತ್ತದೆ, ತುದಿಯಿಂದ ಸಮುದ್ರ ಕಾಣುತ್ತದೆ. ಆಮೇಲೆ ದಾರಿ ಮುಚ್ಚಿಬಿಡುತ್ತಾರೆ. ಆ ಎರಡು ಮೂರು ವಾರದೊಳಗೆ ಒಂದು ಸಲ ತುದಿ ಮುಟ್ಟಿ ಬಂದರೆ ಈ ಹೊಸ ಕಾಲು ತನ್ನದಾಯಿತು ಎಂದು ಅಕ್ಕ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದಳು. ಈ ವಿಷಯ ನನಗೆ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಬೆಟ್ಟ ಹತ್ತುವ ಏರ್ಪಾಡು ಮಾಡಿದವರು ಮೂರನೇ ಅಂತಸ್ತಿನ ಹೆಡ್‌ಮೇಡಂ. ಶಾಲೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರು ಒಂದು ಸಲ ಚಪ್ಪಾಳೆ ತಟ್ಟಿದರೆ ನಮ್ಮ ಕಟ್ಟಡದ ಗಂಡಸರೆಲ್ಲ ಸಾಲಾಗಿ ನಿಲ್ಲುತ್ತಾರೆ. ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿಸಿ, ಹದಿನಾಲ್ಕು ಜನರ ಹೆಸರು ಬರೆದುಕೊಂಡು, ಬರುವ ಭಾನುವಾರದ ಮುಂದಿನ ಭಾನುವಾರ ಹೊರಡುವುದೆಂದು ತೀರ್ಮಾನಿಸಿದರು. ಚಳಿಗಾಲವಾದ್ದರಿಂದ ಒಂದು ವಾರ ಮೊದಲೇ ಯಾರಾದರೂ ಹೋಗಿ ದಾರಿ ಹೇಗಿದೆ, ಎಲ್ಲಿ ಮಂಜುಗಡ್ಡೆ ಇದೆ, ಎಲ್ಲಿ ಮರ ಬಿದ್ದಿದೆ ಎಂದು ನೋಡಿಕೊಂಡು ಬರಬೇಕು, ಯಾರು ಹೋಗುತ್ತೀರಿ ಎಂದು ಕೇಳಿದರು. ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ಆಗ ಭಾವ ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

"ಬೆಟ್ಟ ಅಂದ್ರೇನು ಮೇಡಂ? ರೇಲಿಂಗ್ ಇಲ್ಲದ ಮೆಟ್ಟಿಲು. ತಪಾಸಣೆ ನಂಗೆ ಬಿಡಿ."

ಹುಟ್ಟಿದಾಗಿನಿಂದ ಕಟ್ಟಡದ ಮೆಟ್ಟಿಲಲ್ಲದೆ ಬೇರೆ ಯಾವ ಏರನ್ನೂ ಹತ್ತದ ಮನುಷ್ಯ ಹೀಗೆ ಹೇಳಿದ್ದು ಕೇಳಿ ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಅಕ್ಕ ಮಾತ್ರ ಹಿಗ್ಗಿ ಹೋದಳು. ತನ್ನ ಕಾಲಿಗೋಸ್ಕರ ಗಂಡ ತಾನಾಗಿ ಮುಂದೆ ಬಂದನಲ್ಲ ಎಂದು ಅವಳಿಗೆ. ಜೊತೆಗೆ ಒಬ್ಬರು ಇರಲಿ ಎಂದು ನನ್ನನ್ನು ಭಾವನ ಬೆನ್ನಿಗೆ ಕಟ್ಟಿದಳು.

ತಪಾಸಣೆಯ ಭಾನುವಾರ ಬೆಳಿಗ್ಗೆ ಭಾವ ಹೊರಟ ವೇಷ ನೋಡಬೇಕಿತ್ತು. ಮೇಲೆ ಉಣ್ಣೆಯ ಟೋಪಿ, ಕೆಳಗೆ ಕಚೇರಿಯ ಕಪ್ಪು ಬೂಟು, ಹೆಗಲ ಚೀಲದಲ್ಲಿ ಅಳತೆಪಟ್ಟಿ, ಮಟ್ಟ ನೋಡುವ ರಸಮಟ್ಟ, ಸಣ್ಣ ಸುತ್ತಿಗೆ, ಟಾರ್ಚು. ಬೆಟ್ಟದ ಬುಡದಲ್ಲಿ ಕಾವಲುಗಾರ ತನ್ನ ಗೂಡಿನ ಮುಂದೆ ಕೂತು ಬಿಸಿ ಚಹಾ ಕುಡಿಯುತ್ತಿದ್ದ. ಯಾರು, ಏನು ಎಂದು ಕೇಳಿದ್ದಕ್ಕೆ ಭಾವ 'ತಪಾಸಣೆ' ಎಂದರು, ಅಷ್ಟೇ. ಪಾಪ, ಅವನು ಚಹಾ ಕೆಳಗಿಟ್ಟು ಎದ್ದು ನಿಂತು, ಮೇಲಿನ ಗುಂಡಿ ಹಾಕಿಕೊಂಡು ಸಲಾಮು ಹೊಡೆದ.

ದಾರಿ ಎಷ್ಟು ಚೆನ್ನಾಗಿತ್ತೆಂದರೆ, ನನ್ನಂಥ ಸೋಮಾರಿಯೂ ಏದುಸಿರು ಬಿಡದೆ ಹತ್ತಿದೆ. ಅಗಲವಾದ ಮಣ್ಣಿನ ಹಾದಿ, ನಡುನಡುವೆ ಕಲ್ಲಿನ ಮೆಟ್ಟಿಲು, ಅಂಚಿನಲ್ಲಿ ತೆಳ್ಳಗೆ ಬಿದ್ದ ಹಿಮ. ಊರುಗೋಲು ಹಿಡಿದ ಒಬ್ಬ ಅಜ್ಜಿ ನಾಯಿ ಜೊತೆ ನಮ್ಮನ್ನು ದಾಟಿ ಹೋಗಿ, ಆಗಲೇ ತಿರುಗಿ ಬರುತ್ತಲೂ ಇದ್ದಳು. ಭಾವ ಮಾತ್ರ ಪ್ರತಿಯೊಂದು ಕಲ್ಲಿಗೂ ಸುತ್ತಿಗೆಯಿಂದ ಕುಟ್ಟಿ ಕಿವಿಗೊಟ್ಟು ಕೇಳುವರು, ರಸಮಟ್ಟ ಇಟ್ಟು ತಲೆಯಾಡಿಸುವರು, ಬರೆದುಕೊಳ್ಳುವರು. ತುದಿಗೆ ಇನ್ನು ಇಪ್ಪತ್ತು ನಿಮಿಷ ಇರುವಾಗ ಒಂದು ತಿರುವಿದೆ. ಅಲ್ಲಿ ಬಂಡೆಯಿಂದ ಜಿನುಗುವ ನೀರು ಹಾದಿಯ ಮೇಲೆ ಹರಿದು, ಕಾಲೊರಸಿನಷ್ಟು ಅಗಲಕ್ಕೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ನಾನು ದಾಟಿಕೊಂಡು ಹೋದೆ. ಭಾವ ಅದನ್ನೂ ಅಳೆದರು.

ತುದಿ ತಲುಪಿದಾಗ ಸಮುದ್ರ ಕಾಣಿಸಿತು. ನಾನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ತಿರುಗಿ ನೋಡಿದರೆ ಭಾವ ಸಮುದ್ರಕ್ಕೆ ಬೆನ್ನು ಹಾಕಿ ಮಂಡಿಯೂರಿ ಕೂತು, ಬೆಂಚಿನ ಕೆಳಗೆ ಟಾರ್ಚು ಬಿಡುತ್ತಿದ್ದರು.

ಸೋಮವಾರ ವರದಿ ತಯಾರಾಯಿತು. ಭಾವನಿಗೆ ಗೊತ್ತಿದ್ದದ್ದು ಒಂದೇ ನಮೂನೆ. ಹನ್ನೆರಡು ಗೆರೆ ಸಾಲದೆ ಮೂರು ಹೆಚ್ಚುವರಿ ಹಾಳೆ ಲಗತ್ತಿಸಿ, ಒಟ್ಟು ನಲವತ್ತೊಂದು ನ್ಯೂನತೆ ದಾಖಲಿಸಿ, ಕೆಳಗೆ ರುಜು ಹಾಕಿದರು, ಕೈ ತಾನಾಗಿ ಹೋಗಿ ಮುದ್ರೆಯನ್ನೂ ಒತ್ತಿತು. ಹೆಡ್‌ಮೇಡಂ ಅದನ್ನು ಸೈಕಲ್ ಜಾಗದಲ್ಲಿ ನಿಂತು ಗಟ್ಟಿಯಾಗಿ ಓದಿದರು. ಮೆಟ್ಟಿಲುಗಳ ಎತ್ತರ ಏಕರೂಪವಾಗಿಲ್ಲ. ಬೆಟ್ಟದ ಎಡಪಾರ್ಶ್ವದಲ್ಲಿ ಗೋಡೆ ಇರುವುದಿಲ್ಲ. ಇಡೀ ಮಾರ್ಗದಲ್ಲಿ ತುರ್ತು ನಿರ್ಗಮನ ದ್ವಾರ ಕಂಡುಬರಲಿಲ್ಲ. ಮರವೊಂದು ಅನುಮತಿ ಇಲ್ಲದೆ ಮಾರ್ಗದ ಕಡೆಗೆ ವಾಲಿರುತ್ತದೆ. ಎತ್ತರಕ್ಕೆ ಹೋದಂತೆಲ್ಲ ಆಳ ಹೆಚ್ಚಾಗುತ್ತಿರುವುದು ಗಮನಕ್ಕೆ ಬಂದಿದೆ.

ಈ ಕೊನೆಯದನ್ನು ಕೇಳಿ ಎರಡನೇ ಅಂತಸ್ತಿನ ಹಲ್ಲಿನ ಡಾಕ್ಟರು ಬೆವರು ಒರೆಸಿಕೊಂಡರು. ತಮ್ಮ ಹೆಂಡತಿಗೆ ಹೇಗೂ ಚಳಿ ಒಗ್ಗುವುದಿಲ್ಲ, ಹೆಸರು ತೆಗೆದುಬಿಡಿ ಎಂದರು. ಕಬ್ಬಿಣದ ಸಾಮಾನಿನ ಅಂಗಡಿಯವರು ನೂರು ಅಡಿ ಹಗ್ಗವನ್ನೂ ಎರಡು ಏಣಿಯನ್ನೂ ತರುತ್ತೇನೆ ಎಂದು ಮೊದಲು ಮೀಸೆ ತಿರುವಿ, ತುರ್ತು ದ್ವಾರದ ವಿಷಯ ಎರಡನೇ ಸಲ ಓದಿದಾಗ ತಮಗೆ ಆ ಭಾನುವಾರ ಯಾರದೋ ಗೃಹಪ್ರವೇಶ ಇದೆ ಎಂದು ನೆನಪಿಸಿಕೊಂಡರು. ಹದಿನಾಲ್ಕು ಜನ ಐದಾದರು. ದಾರಿ ಚೆನ್ನಾಗಿದೆ, ಅಜ್ಜಿಯೊಬ್ಬಳು ನಾಯಿ ಕಟ್ಟಿಕೊಂಡು ಹತ್ತುತ್ತಾಳೆ ಎಂದು ನಾನು ಎಷ್ಟು ಬಡಿದುಕೊಂಡರೂ ಯಾರೂ ಸೊಪ್ಪು ಹಾಕಲಿಲ್ಲ. ನನ್ನ ಮಾತಿಗೆ ಮುದ್ರೆ ಇರಲಿಲ್ಲ. ಇನ್ನೊಂದು ತಮಾಷೆ ನೋಡಿ: ಹದಿನೇಳನೇ ನ್ಯೂನತೆಯಾಗಿ ಆ ಮಂಜುಗಡ್ಡೆಯ ತಿರುವನ್ನು ಭಾವ ನೆಟ್ಟಗೆ ಬರೆದಿದ್ದರು. ಇಡೀ ಪಟ್ಟಿಯಲ್ಲಿ ನಿಜವಾದ ಅಪಾಯ ಅಂತ ಇದ್ದದ್ದು ಅದೊಂದೇ. ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಅಕ್ಕ ಕೇಳಿದ್ದು ಒಂದೇ ಮಾತು, ಮನೆಗೆ ಬಂದ ಮೇಲೆ, ದಾರಿ ಹೇಗಿದೆ ರೀ ಎಂದು. ಅದರಲ್ಲೇ ಬರೆದಿದೆಯಲ್ಲ ಎಂದರು ಭಾವ.

ಇಷ್ಟಕ್ಕೇ ಮುಗಿದಿದ್ದರೆ ಐದು ಜನವಾದರೂ ಬೆಟ್ಟ ಹತ್ತುತ್ತಿದ್ದೆವು. ಆದರೆ ಆ ನಮೂನೆಗೆ ಮೂರು ಪ್ರತಿ. ಬಿಳಿಯದು ಕೇಳಿದವರಿಗೆ, ಹಳದಿಯದು ಕಡತಕ್ಕೆ, ಗುಲಾಬಿಯದು ಕಟ್ಟಡದ ಮಾಲೀಕರಿಗೆ. ಬಿಳಿಯದನ್ನು ಹೆಡ್‌ಮೇಡಂಗೆ ಕೊಟ್ಟ ಭಾವ, ಇಪ್ಪತ್ತೆರಡು ವರ್ಷದ ರೂಢಿಯಂತೆ ಗುಲಾಬಿ ಪ್ರತಿಯನ್ನು ಲಕೋಟೆಗೆ ಹಾಕಿ, ಬೆಟ್ಟದ ಮಾಲೀಕರು ಯಾರು ಎಂದು ವಿಚಾರಿಸಿ, ಬೆಟ್ಟದ ಕಚೇರಿಗೆ ಅಂಚೆಯಲ್ಲಿ ಕಳಿಸಿಬಿಟ್ಟಿದ್ದರು.

ಗುರುವಾರ ಬೆಟ್ಟದ ಬುಡದಲ್ಲಿ ಅಡ್ಡಗಂಬಿ ಬಿತ್ತು. ನಗರಸಭೆಯ ತಪಾಸಣಾ ವರದಿಯಂತೆ ನಲವತ್ತೊಂದು ನ್ಯೂನತೆಗಳು ಸರಿಯಾಗುವವರೆಗೆ ಮಾರ್ಗ ಮುಚ್ಚಿದೆ ಎಂದು ಫಲಕ ಹಾಕಿದರು. ಅದೇ ಸಂಜೆ ಆ ಕಾವಲುಗಾರ ವಿಳಾಸ ಹುಡುಕಿಕೊಂಡು ಅಕ್ಕನ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ. ಅವನ ಕೈಯಲ್ಲಿ ಒಂದು ಮೆಮೊ ಇತ್ತು. ಇಷ್ಟು ನ್ಯೂನತೆಗಳಿದ್ದೂ ಹತ್ತೊಂಬತ್ತು ವರ್ಷ ಯಾಕೆ ವರದಿ ಮಾಡಿಲ್ಲ, ಮೂರು ದಿನದಲ್ಲಿ ಉತ್ತರಿಸಿ ಎಂದು ಅದರಲ್ಲಿತ್ತು. ಅವನು ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ತಿರುವುತ್ತ ಕೇಳಿದ:

"ಸಾರ್, ತಪ್ಪಾಯ್ತು ಅಂತ ಬರೆದುಕೊಡ್ತೀನಿ. ಆದ್ರೆ ಬೆಟ್ಟಕ್ಕೆ ಎಡಗಡೆ ಗೋಡೆ ನಾನು ಎಲ್ಲಿಂದ ತರಲಿ?"

ಭಾವ ಆ ಮೆಮೊವನ್ನು ತೆಗೆದುಕೊಂಡು ಇನ್ನೊಮ್ಮೆ ಓದಿದರು. ಅಕ್ಕ ಅವನಿಗೆ ಚಹಾ ಕೊಟ್ಟು, ಬಿಸ್ಕತ್ತು ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿ ಬಂದಳು. ಜಗಳ ಆಗುತ್ತದೆ ಎಂದು ನಾನು ಮೆಲ್ಲಗೆ ಕಾಲು ಕೀಳಲು ನೋಡುತ್ತಿದ್ದೆ. ಅವಳು ದನಿಯನ್ನೇ ಏರಿಸಲಿಲ್ಲ.

"ಇಪ್ಪತ್ತೆರಡು ವರ್ಷದಲ್ಲಿ ಏನಾದ್ರೂ ಒಂದು, ಒಂದೇ ಒಂದು, ಸರಿ ಇದೆ ಅಂತ ಬರೆದಿದೀರಾ?"

ಭಾವ ಯೋಚಿಸಿದರು. ಸುಳ್ಳು ಹೇಳುವವರಲ್ಲ ಎಂದೆನಲ್ಲ. ಇಲ್ಲ ಎಂದರು. ಅಕ್ಕ ಬೂಟು ಹಾಕಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸದ್ದು ಕೇಳಿಸಿತು. ಬೆಟ್ಟ ಮುಚ್ಚಿದ್ದರೂ ಅವಳು ಐದು ಅಂತಸ್ತನ್ನು ನಾಲ್ಕು ಸಲ ಹತ್ತಿ ಇಳಿದಳು. ಭಾವ ಸೋಫಾದಲ್ಲಿ ಕೂತು ಪ್ರತಿ ಹೆಜ್ಜೆಯನ್ನೂ ಕೇಳಿಸಿಕೊಂಡರು. ಅವರ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ಅವತ್ತೇ ನೋಡಿದ್ದು. ಅಯ್ಯೋ ಅನಿಸಿತು.

ಶುಕ್ರವಾರ ಭಾವ ರಜೆ ಹಾಕಿದರು. ಇದು ಅವರ ಕಚೇರಿಯಲ್ಲಿ ಎಂಥ ಸುದ್ದಿಯಾಯಿತೆಂದರೆ, ಇಬ್ಬರು ಸಹೋದ್ಯೋಗಿಗಳು ಆಸ್ಪತ್ರೆಗೆ ಫೋನು ಮಾಡಿ, ಅಲ್ಲಿ ಸೇರಿಸಿದ್ದಾರಾ ಎಂದು ಅಕ್ಕನನ್ನೇ ವಿಚಾರಿಸಿದರು. ಭಾವ ನನ್ನನ್ನು ಕರೆದುಕೊಂಡು ಬೆಟ್ಟದ ಕಚೇರಿಗೆ ಹೋದರು.

ಅಲ್ಲಿನ ಸಾಹೇಬರು ಕುಳ್ಳಗೆ, ಅಚ್ಚುಕಟ್ಟಾಗಿ, ಮೇಜಿನ ಮೇಲೆ ಏಳು ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟುಕೊಂಡು ಕೂತಿದ್ದರು. ಭಾವ ಯಾರೆಂದು ತಿಳಿದೊಡನೆ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಇಂಥ ವರದಿ ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಎಂದರು. ಎತ್ತರಕ್ಕೆ ಹೋದಂತೆ ಆಳ ಹೆಚ್ಚಾಗುತ್ತದೆ ಎಂಬುದು ಇಷ್ಟು ವರ್ಷ ಕಣ್ಣೆದುರಿಗಿದ್ದೂ ತಮಗೆ ಹೊಳೆದೇ ಇರಲಿಲ್ಲ, ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು ಓದಿ ಹೇಳಿದ್ದೇನೆ ಎಂದರು. ಬೇರೆ ದಿನವಾಗಿದ್ದರೆ ಭಾವ ಒಂದಡಿ ಎತ್ತರವಾಗುತ್ತಿದ್ದರು. ಅವತ್ತು ತಲೆ ತಗ್ಗಿಸಿ, ಸ್ವಾಮಿ, ದಾರಿ ತೆಗೆಯಬೇಕಲ್ಲ, ಕಾವಲುಗಾರನ ಮೆಮೊ ಹಿಂದಕ್ಕೆ ತಗೊಬೇಕಲ್ಲ ಎಂದರು.

ಸಾಹೇಬರಿಗೆ ನಿಜವಾಗಿಯೂ ಬೇಸರವಾಯಿತು. ಮುದ್ರೆ ಬಿದ್ದ ಕಾಗದವನ್ನು ಇನ್ನೊಂದು ಮುದ್ರೆ ಬಿದ್ದ ಕಾಗದವೇ ಎತ್ತಬೇಕು, ಬೇರೆ ದಾರಿಯಿಲ್ಲ, ಮರುತಪಾಸಣೆ ಅಂತ ಒಂದು ಬರೆದುಕೊಡಿ ಎಂದು ಖಾಲಿ ನಮೂನೆಯನ್ನು ಮುಂದಕ್ಕೆ ತಳ್ಳಿದರು.

ನಾನು ಆ ಕೋಣೆಯಲ್ಲಿ ಅರ್ಧ ಗಂಟೆ ಕೂತಿದ್ದೆ. ಭಾವ ಪೆನ್ನು ತೆಗೆದರು, ಮುಚ್ಚಳ ತೆಗೆದರು, ಹಾಕಿದರು. ಕೋಟು ಬಿಚ್ಚಿದರು. ನೀರು ಕೇಳಿ ಕುಡಿದರು. 'ಕಂಡುಬಂದ ನ್ಯೂನತೆಗಳು' ಎಂಬುದರ ಕೆಳಗೆ ಪೆನ್ನು ಇಟ್ಟರೆ ಕೈ ಮುಂದಕ್ಕೆ ಹೋಗುತ್ತಿಲ್ಲ. ಕೊನೆಗೆ ಹಲ್ಲು ಕಚ್ಚಿ 'ಇಲ್ಲ' ಎಂದು ಬರೆದು, ಜೀವ ತಡೆಯದೆ ಮುಂದೆ 'ಸದ್ಯಕ್ಕೆ' ಎಂದು ಸೇರಿಸಿದರು. ಸಾಹೇಬರು ಕನ್ನಡಕ ಏರಿಸಿ ನೋಡಿ, ಸದ್ಯಕ್ಕೆ ಅಂದರೆ ಆಮೇಲೆ ಇದೆ ಅಂತಾಯಿತು, ಹೊಡೆದುಹಾಕಿ ಎಂದರು. ಭಾವ ಹೊಡೆದುಹಾಕಿದರು. ನನ್ನ ಹಲ್ಲು ಕೀಳಿಸಿಕೊಂಡಾಗಲೂ ನಾನು ಅಂಥ ಮುಖ ಮಾಡಿರಲಿಕ್ಕಿಲ್ಲ.

"ಹೊಡೆದುಹಾಕಿದ್ದಕ್ಕೂ ಒಂದು ರುಜು ಹಾಕಿ," ಎಂದರು ಸಾಹೇಬರು. "ಭಾನುವಾರ ನಾನೂ ಬರ್ತೀನಿ. ಒಂದೂ ನ್ಯೂನತೆ ಇಲ್ಲದ ಬೆಟ್ಟ ನಾನೂ ನೋಡಿಲ್ಲ. ಯಾರಾದ್ರೂ ಒಬ್ರು ಬಿದ್ರೂ ಅಲ್ಲೇ ಎಲ್ಲರನ್ನೂ ವಾಪಸು ಕಳಿಸಿ, ವಸಂತದವರೆಗೆ ಮುಚ್ಚಬೇಕಾಗುತ್ತೆ. ಗೊತ್ತಲ್ಲ?"

ಷರಾ ಸಾಹೇಬರೇ 'ಇಲ್ಲ' ಎಂದು ಬರೆದರಂತೆ ಎಂಬ ಸುದ್ದಿ ನಮ್ಮ ಕಟ್ಟಡದಲ್ಲಿ ನಾವು ಮನೆ ಸೇರುವ ಮೊದಲೇ ಹಬ್ಬಿತ್ತು. ಜನ ಆ ಕಾಗದ ನೋಡಲು ಬಂದರು. ಹೆಡ್‌ಮೇಡಂ ಅದನ್ನು ಬೆಳಕಿಗೆ ಹಿಡಿದು ಮುದ್ರೆ ಅಸಲಿಯೇ ಎಂದು ನೋಡಿದರು. ಅಸಲಿ ಎಂದು ಖಾತ್ರಿಯಾದ ಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ನಲವತ್ತೊಂದು ನ್ಯೂನತೆ ಇದ್ದಾಗ ಹೆದರಿ ಓಡಿದವರಿಗೆ ಈಗ ಹೆದರಿಕೆ ಅನ್ನುವುದೇ ಮರೆತುಹೋಯಿತು. ಈ ಮನುಷ್ಯನೇ ಸರಿ ಇದೆ ಅಂದ ಮೇಲೆ ಅದು ನಮ್ಮ ಮನೆಯ ನಡುಮನೆಗಿಂತ ಸಪಾಟಾಗಿರಬೇಕು ಎಂದು ಲೆಕ್ಕ. ಭಾನುವಾರ ಬೆಳಿಗ್ಗೆ ಹದಿನಾಲ್ಕು ಜನರ ಬದಲು ಇಪ್ಪತ್ತಮೂರು ಜನ ಸೇರಿದರು. ಹಲ್ಲಿನ ಡಾಕ್ಟರು ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದಿದ್ದರು. ಕಬ್ಬಿಣದಂಗಡಿಯವರು ಹಗ್ಗ, ಏಣಿ ಎಲ್ಲ ಮನೆಯಲ್ಲಿಟ್ಟು, ಎಂಬತ್ತು ದಾಟಿದ ತಮ್ಮ ತಾಯಿಯನ್ನು ಕರೆತಂದಿದ್ದರು.

ಅಕ್ಕ ಹೊಸ ಬೂಟಿನ ದಾರ ಎರಡೆರಡು ಸಲ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು. ಗಂಡನ ಜೊತೆ ಇನ್ನೂ ಸರಿಯಾಗಿ ಮಾತಿಲ್ಲ. ಆದರೆ ಆ ಕಾಗದವನ್ನು ಅವಳು ಎರಡು ಸಲ ಓದಿದ್ದಳು, ನನಗೆ ಗೊತ್ತು.

ಭಾವನ ಹೆಗಲ ಚೀಲ ಭಾರವಾಗಿತ್ತು. ಅದರಲ್ಲಿ ಮರಳಿತ್ತು, ಹದಿನೇಳನೇ ನ್ಯೂನತೆಗೆಂದು ಇಟ್ಟುಕೊಂಡಿದ್ದರು. ಅಡ್ಡಗಂಬಿಯ ಹತ್ತಿರ ಬೆಟ್ಟದ ಸಾಹೇಬರು ಕೈಯಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು ಇಟ್ಟುಕೊಂಡು ಕಾಯುತ್ತಿದ್ದರು. ಚೀಲದಲ್ಲೇನು ಎಂದು ಕೇಳಿದರು. ಮರಳು ಎಂದರು ಭಾವ, ಸುಳ್ಳು ಬರುವುದಿಲ್ಲವಲ್ಲ. ನ್ಯೂನತೆ ಇಲ್ಲದ ದಾರಿಗೆ ಮರಳು ಯಾಕೆ ಎಂದು ಸಾಹೇಬರು ಹುಬ್ಬೇರಿಸಿದರು. ಭಾವ ಇಂಗು ತಿಂದ ಮಂಗನಂತೆ ನಿಂತು, ಚೀಲವನ್ನು ಕಾವಲುಗಾರನ ಗೂಡಿನಲ್ಲಿಟ್ಟು, ಬರಿಗೈಲಿ ನಡೆದರು.

ಅವತ್ತು ಭಾವ ಹತ್ತಿದ ರೀತಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಗುಂಪಿನ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದರು, ಇಪ್ಪತ್ತಮೂರು ಜೊತೆ ಕಾಲುಗಳ ಮೇಲೆ ಕಣ್ಣಿಟ್ಟು. ಯಾರಾದರೂ ಆಕಾಶ ನೋಡಿದರೆ ಭಾವನ ಜೀವ ಬಾಯಿಗೆ ಬರುತ್ತಿತ್ತು. ನೋಡಿಕೊಂಡು ಬನ್ನಿ ಎನ್ನುವಂತಿಲ್ಲ, ಅದೂ ಷರಾ ಆಗುತ್ತದೆ. ಅದಕ್ಕೆ, ಕೆಳಗೆ ಕಲ್ಲು ಎಷ್ಟು ಚೆನ್ನಾಗಿದೆ ನೋಡಿ, ಈ ಮೆಟ್ಟಿಲು ನೋಡಿ, ಅಹಾ ಈ ಮಣ್ಣು ನೋಡಿ ಎಂದು ಹೊಗಳುತ್ತ ಹೊಗಳುತ್ತ ಎಲ್ಲರ ಕಣ್ಣನ್ನೂ ನೆಲದ ಮೇಲೆ ಹಿಡಿದಿಟ್ಟರು. ಜನ್ಮದಲ್ಲಿ ಯಾವುದನ್ನೂ ಹೊಗಳದ ಬಾಯಿಗೆ ಅಂದು ಬಿಡುವೇ ಇಲ್ಲ. ಷರಾ ಸಾಹೇಬರಿಗೆ ಜ್ವರ ಬಂದಿರಬೇಕು ಎಂದು ಡಾಕ್ಟರು ನನ್ನ ಹತ್ತಿರ ಪಿಸುಗುಟ್ಟಿದರು.

ಅಕ್ಕ ಹತ್ತುತ್ತಿದ್ದಳು. ಮಾತಿಲ್ಲದೆ, ಕೆಂಪಾಗಿ, ಒಂದೇ ಲಯದಲ್ಲಿ. ಅರ್ಧ ದಾರಿಯಲ್ಲಿ ಹೆಡ್‌ಮೇಡಂ ನಿಂತು ಸುಧಾರಿಸಿಕೊಂಡರು, ಅಕ್ಕ ನಿಲ್ಲಲಿಲ್ಲ.

ಆ ತಿರುವು ಬಂತು. ಕಾಲೊರಸಿನಷ್ಟಿದ್ದ ಗಡ್ಡೆ ವಾರದ ಚಳಿಗೆ ಚಾಪೆಯಷ್ಟಾಗಿತ್ತು. ಮುಂದೆ ನಡೆಯುತ್ತಿದ್ದವಳು ಅಕ್ಕ, ಅವಳ ಹಿಂದೆ ಕಬ್ಬಿಣದಂಗಡಿಯವರ ತಾಯಿ, ಅವರ ಹಿಂದೆ ಚಪ್ಪಲಿಯ ಡಾಕ್ಟರು. ಮರಳಿಲ್ಲ, ಬಾಯಿಬಿಟ್ಟು ಹೇಳುವ ಹಾಗಿಲ್ಲ. ಗಡ್ಡೆಯ ಮೇಲೆ ತಾವೇ ನಿಂತುಬಿಟ್ಟರೆ ಜನ ಪಕ್ಕದಿಂದ ಸುತ್ತಿಕೊಂಡು ಹೋಗುತ್ತಾರೆ ಎಂದು ಭಾವ ಎಣಿಸಿದರು. ಕಚೇರಿಯ ಬೂಟನ್ನು ಅದರ ಮೇಲಿಟ್ಟರು. ಬೂಟು ಒಂದು ಕಡೆ ಹೋಯಿತು, ಭಾವ ಇನ್ನೊಂದು ಕಡೆ. ದೊಪ್ಪೆಂದು ಸದ್ದಾಯಿತು. ನಿಂತು ಮುಚ್ಚಬೇಕೆಂದಿದ್ದವರು ಕೂತು ಮುಚ್ಚಿದರು.

ಎಲ್ಲರೂ ನಿಂತರು. ಸಾಹೇಬರು ಜನರನ್ನು ಸರಿಸಿಕೊಂಡು ಮುಂದೆ ಬಂದು, ಕಿವಿಯ ಮೇಲಿಂದ ಪೆನ್ಸಿಲು ತೆಗೆದರು.

"ಬಿದ್ದಿರಾ?"

ಭಾವ ತಲೆಯೆತ್ತಿ ಅವರನ್ನು ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು. ಅವಳು ಎರಡು ಹೆಜ್ಜೆ ಆಚೆ ನಿಂತಿದ್ದಳು. ತುದಿ ಇಪ್ಪತ್ತು ನಿಮಿಷದ ದಾರಿ.

"ಇಲ್ಲ," ಎಂದರು ಭಾವ. "ಕೂತೆ."

"ಯಾಕೆ?"

"ಇಲ್ಲಿಂದ ಚೆನ್ನಾಗಿ ಕಾಣುತ್ತೆ."

ಎದುರಿಗಿದ್ದದ್ದು ಒಂದು ಬಂಡೆ. ಸಾಹೇಬರು ಬಂಡೆಯನ್ನು ನೋಡಿದರು, ಭಾವನನ್ನು ನೋಡಿದರು. ಇಪ್ಪತ್ತೆರಡು ವರ್ಷ ನ್ಯೂನತೆ ಬಿಟ್ಟು ಬೇರೇನೂ ಬರೆಯದ ಮನುಷ್ಯ ಯಾವುದೋ ಒಂದನ್ನು ಚೆನ್ನಾಗಿದೆ ಎಂದ ಮೇಲೆ ಅದರಲ್ಲಿ ಏನೋ ಇರಲೇಬೇಕು ಎಂದುಕೊಂಡರೋ ಏನೋ, ತಾವೂ ಒಂದು ನಿಮಿಷ ಆ ಬಂಡೆಯನ್ನು ಗೌರವದಿಂದ ನೋಡಿ ಪೆನ್ಸಿಲನ್ನು ಕಿವಿಗೇರಿಸಿದರು. ಜನ ಒಬ್ಬೊಬ್ಬರಾಗಿ ಭಾವನನ್ನು ಸುತ್ತಿಕೊಂಡು ಒಣ ಕಲ್ಲಿನ ಮೇಲೆ ಕಾಲಿಟ್ಟು ದಾಟಿದರು. ಕಬ್ಬಿಣದಂಗಡಿಯವರ ತಾಯಿ ಭಾವನ ತಲೆಯನ್ನೇ ರೇಲಿಂಗು ಮಾಡಿಕೊಂಡರು.

ಅಕ್ಕ ಕೊನೆಗೆ ಉಳಿದಳು. ಅವಳ ಕಣ್ಣು ಗಂಡನ ಎಡ ಪಾದದ ಮೇಲಿತ್ತು. ಆ ಪಾದ ಇರಬೇಕಾದ ದಿಕ್ಕಿನಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಕಳೆದವಳಿಗೆ ಅದು ಕೂತ ಕಾಲೋ ಬಿದ್ದ ಕಾಲೋ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳು ಬಗ್ಗಲು ಹೋದಳು. ಭಾವ ಬೇಡ ಎಂದು ಕೈಯಾಡಿಸಿದರು.

"ನೀನು ಹೋಗು. ಮುಂದೆ ದಾರಿ ಚೆನ್ನಾಗಿದೆ. ನಾನೇ ನೋಡಿದೀನಿ."

ಅವಳು ಬೂಟಿನ ದಾರವನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡಳು. ಆಮೇಲೆ ಹೋದಳು. ಹಿಂತಿರುಗಿ ನೋಡಿದರೆ ಹೋಗಲಾರೆ ಎಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ, ನೋಡಲಿಲ್ಲ.

ಒಂದೂಕಾಲು ಗಂಟೆ ನಾನು ಭಾವನ ಪಕ್ಕದಲ್ಲಿ ಕೂತಿದ್ದೆ. ಅವರು ಗಡ್ಡೆಯ ಮೇಲಿಂದ ಏಳಲು ಒಪ್ಪಲಿಲ್ಲ. ಎದ್ದರೆ ಅದು ಕಾಣುತ್ತದೆ, ಇಳಿಯುವಾಗ ಸಾಹೇಬರು ನೋಡಿಬಿಡುತ್ತಾರೆ ಎಂದರು. ಕಾಲು ಬೂಟಿನೊಳಗೆ ಬನ್ನಿನ ಹಾಗೆ ಉಬ್ಬುತ್ತಿತ್ತು, ತುಟಿ ನೀಲಿಯಾಗಿತ್ತು. ನೋಯುತ್ತಿದೆಯಾ ಭಾವ ಎಂದು ಕೇಳಿದ್ದಕ್ಕೆ, ಅವಳು ಈಗ ಎಲ್ಲಿರಬಹುದು ಎಂದು ಕೇಳಿದರು. ಹತ್ತು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ. ಒಂದು ಸಲ ಮೇಲಿಂದ ಗಾಳಿಯಲ್ಲಿ ಹೆಂಗಸರ ನಗು ತೇಲಿ ಬಂತು. ಅದರಲ್ಲಿ ಅಕ್ಕನದು ಯಾವುದೆಂದು ನಮ್ಮಿಬ್ಬರಿಗೂ ಗೊತ್ತಾಯಿತು. ಭಾವ ಮುಖ ಆಚೆ ತಿರುಗಿಸಿಕೊಂಡರು. ನಾನೂ ಬಂಡೆ ನೋಡಿದೆ.

ಇಳಿಯುವವರು ಬಂದರು. ಮುಂದೆ ಅಕ್ಕ, ಅವಳ ಹಿಂದೆಯೇ ಸಾಹೇಬರು. ಈಗ ಭಾವ ಏಳಲೇಬೇಕು, ಎದ್ದರೆ ನಡೆಯಲಾಗುವುದಿಲ್ಲ, ಎತ್ತಿಕೊಂಡು ಹೋದರೆ ಬಿದ್ದದ್ದು ಬಯಲಾಗಿ ಬೆಟ್ಟ ಮುಚ್ಚುತ್ತದೆ, ಕಾವಲುಗಾರನ ಮೆಮೊ ಮತ್ತೆ ಜೀವ ಪಡೆಯುತ್ತದೆ. ನನಗೆ ಏನೂ ತೋಚಲಿಲ್ಲ. ಅಕ್ಕ ನೇರವಾಗಿ ಗಂಡನ ಹತ್ತಿರ ಬಂದು ನಿಂತು, ಸಾಹೇಬರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ಏಳಿ ರೀ. ನನ್ನ ಮೊಣಕಾಲು ನೋಯ್ತಾ ಇದೆ. ಸ್ವಲ್ಪ ಆಸರೆ ಕೊಡಿ."

ಎಂದವಳೇ ಬಗ್ಗಿ, ಅವರ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು, ಸೊಂಟ ಹಿಡಿದು, ಒಂದೇ ಏಟಿಗೆ ಎಬ್ಬಿಸಿದಳು. ಅವಳ ಆ ಹೊಸ ಮೊಣಕಾಲು ಇಬ್ಬರ ಭಾರಕ್ಕೂ ಒಂದಿಷ್ಟೂ ಬಾಗಲಿಲ್ಲ. ನಾನು ಸಾಹೇಬರ ಎಡಗೈ ಹಿಡಿದು, ಆ ಮರ ಯಾವುದು ಸಾರ್ ಎಂದು ಮೇಲೆ ತೋರಿಸುತ್ತ ಅವರನ್ನು ಗಡ್ಡೆ ದಾಟಿಸಿದೆ. ಉಳಿದವರು ಹತ್ತಿದ ಹಾಗೆಯೇ ಪಕ್ಕದ ಒಣ ಕಲ್ಲು ಹಿಡಿದು ಇಳಿದರು.

ಗಂಡ ಹೆಂಡತಿ ಮುಂದೆ ಇಳಿಯುತ್ತಿದ್ದರು. ಭಾವ ಒಂಟಿ ಕಾಲಲ್ಲಿ ಕುಂಟುತ್ತ, ಅಕ್ಕ ಪೂರ್ತಿ ಹೊತ್ತುಕೊಂಡು. ಮೆಟ್ಟಿಲು ಮೆಟ್ಟಿಲಿಗೂ ಅವಳು ಏನೋ ಹೇಳುತ್ತಿದ್ದಳು, ಸಮುದ್ರದ ವಿಷಯವೇ ಇರಬೇಕು. ಅವರು ತಲೆಯಾಡಿಸುತ್ತಿದ್ದರು. ಹಿಂದಿನಿಂದ ನೋಡುತ್ತ ಬರುತ್ತಿದ್ದ ಸಾಹೇಬರ ಕಣ್ಣು ತೇವವಾಯಿತು.

"ನೋಡ್ರಿ, ಆ ಅಮ್ಮನಿಗೆ ಪಾಪ ಕಾಲಲ್ಲಿ ಬಲ ಇಲ್ಲ," ಎಂದರು ನನಗೆ. "ಎಷ್ಟು ಜೋಪಾನವಾಗಿ ಇಳಿಸ್ಕೊಂಡು ಹೋಗ್ತಿದಾರೆ ಮಹಾನುಭಾವ."

ಹೌದು ಸಾರ್ ಎಂದೆ ನಾನು.